ಐದನೆಯ ಶಾಯಿ

ಗದಗಿನ ಪುಟ ಪರಿವರ್ತನ ಕೇಂದ್ರದಲ್ಲಿ ದಿನಕ್ಕೆ ನಲವತ್ತು ಸಾವಿರ ಹಳೆಯ ಫೈಲುಗಳು ಹೊಸ ರೂಪ ತಾಳುತ್ತಿದ್ದವು. ಅವುಗಳಲ್ಲಿ ಒಂದನ್ನೂ ಯಾರೂ ಪೂರ್ತಿ ಓದುತ್ತಿರಲಿಲ್ಲ. ಓದಬೇಕಾಗಿಲ್ಲ ಎಂದು ಕಾಯಿದೆಯೇ ಹೇಳಿತ್ತು.

ಏಕಪುಟ ಕಾಯಿದೆ ಬಂದು ಆಗ ಆರು ವರ್ಷ. ಅದಕ್ಕೂ ಮುಂಚೆ ಒಂದೊಂದು ಮುದ್ರಣಾಲಯಕ್ಕೆ ಒಂದೊಂದು ಬಗೆಯ ಫೈಲು, ಒಂದೊಂದು ಇಲಾಖೆಗೆ ಒಂದೊಂದು ತಂತ್ರಾಂಶ. ಕಾಗದದ ಮೇಲೆ ಅಚ್ಚು ಹಾಕುವುದೇ ನಿಂತುಹೋದ ಮೇಲೆ ಆ ಫೈಲುಗಳು ಯಾರಿಗೂ ಬೇಡವಾದವು. ಆದರೆ ಅವುಗಳ ಒಳಗಿದ್ದದ್ದು ಎಲ್ಲರಿಗೂ ಬೇಕಿತ್ತು: ಜಮೀನಿನ ನಕಾಶೆ, ಸೇತುವೆಯ ನಕ್ಷೆ, ಔಷಧದ ಪಟ್ಟಿ, ಶಾಲೆಯ ಪುಸ್ತಕ. ಹಾಗಾಗಿ ಎಲ್ಲ ಪುಟಗಳಿಗೂ ಒಂದೇ ರೂಪ ಎಂದು ಗೊತ್ತುಮಾಡಿದರು. ಜನರ ಕಣ್ಣ ಮುಂದೆ ಪುಟ ತೋರಿಸುವ ಕನ್ನಡಕ, ಬಸ್ಸಿನ ಫಲಕ, ಆಸ್ಪತ್ರೆಯ ಗೋಡೆ, ಹೊಲ ಉಳುವ ಯಂತ್ರ, ಎಲ್ಲವೂ ಈಗ ಏಕಪುಟವನ್ನು ಮಾತ್ರ ಓದುತ್ತಿದ್ದವು. ಹಳೆಯ ಫೈಲು ಏಕಪುಟವಾಗಿ ಹೊರಬಂದು ಮುದ್ರೆ ಬಿದ್ದ ಕ್ಷಣದಿಂದ ಅದೇ ಮೂಲಪ್ರತಿ. ಮೂವತ್ತು ದಿನ ಕಳೆದ ಮೇಲೆ ಹಳೆಯದನ್ನು ಅಳಿಸಿಬಿಡುತ್ತಿದ್ದರು. ಕೋಟಿಗಟ್ಟಲೆ ಫೈಲುಗಳನ್ನು ಎರಡೆರಡು ರೂಪದಲ್ಲಿ ಕಾಪಾಡುವಷ್ಟು ವಿದ್ಯುತ್ತು ಆ ದಿನಗಳಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಕಸ್ತೂರಿ ಹೂಗಾರ ಆ ಕೇಂದ್ರದ ಹಿರಿಯ ಪರಿಶೀಲಕಿ. ವಯಸ್ಸು ನಲವತ್ತಾರು. ಊರಿನ ಕೊನೆಯ ಮುದ್ರಣಾಲಯದಲ್ಲಿ, ಅದು ಬಾಗಿಲು ಹಾಕುವವರೆಗೆ, ನಾಲ್ಕು ವರ್ಷ ಅಚ್ಚು ಹಾಕುವ ತಗಡಿನ ಪ್ಲೇಟು ಮಾಡುವ ವಿಭಾಗದಲ್ಲಿ ದುಡಿದವಳು ಎಂಬ ಕಾರಣಕ್ಕೇ ಅವಳಿಗೆ ಈ ಕೆಲಸ ಸಿಕ್ಕಿತ್ತು. ಈಗ ಅವಳು ಮಾಡುವುದು ಇಷ್ಟೆ: ಅಳಿಸುವ ದಿನ ಹತ್ತಿರ ಬಂದ ಫೈಲುಗಳಲ್ಲಿ ದಿನಕ್ಕೆ ಇನ್ನೂರನ್ನು ಆರಿಸಿಕೊಂಡು, ಹಳೆಯದು ಎಡಕ್ಕೆ, ಹೊಸದು ಬಲಕ್ಕೆ ಇಟ್ಟು ನೋಡಿ, ಒಪ್ಪಿಗೆಯ ಗುಂಡಿ ಒತ್ತುವುದು.

ಸೋಮವಾರ ಬೆಳಿಗ್ಗೆ ಪಟ್ಟಿಯಲ್ಲಿ ‘ಸಂಗನಗುಡ್ಡ, ಭೂವಿಜ್ಞಾನ ನಕಾಶೆ, ಹಾಳೆ ಹನ್ನೊಂದು’ ಎಂಬ ಹೆಸರು ಕಂಡಿತು. ಕಸ್ತೂರಿಯ ಗಂಡ ಶಿವಪುತ್ರ ಅದೇ ಗುಡ್ಡದ ಹೊಟ್ಟೆಯೊಳಗೆ ಕೆಲಸ ಮಾಡುತ್ತಿದ್ದ. ಗುಡ್ಡದ ಒಳಗೆ ನೀರು ಕೂಡಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ತು ತೆಗೆಯುವ ಯೋಜನೆ ಅದು. ಅದಕ್ಕಾಗಿ ಸುರಂಗ ಕೊರೆಯುವ ಯಂತ್ರದ ಪಾಳಿ ಮೇಸ್ತ್ರಿ ಅವನು. ಗಂಡ ದಿನಾ ಹೋಗುವ ಜಾಗ ಹೇಗಿದೆಯೋ ನೋಡೋಣ ಎಂದು ಅವಳು ಆ ಹಾಳೆಯನ್ನು ಆರಿಸಿಕೊಂಡಳು. ಬರೀ ಕುತೂಹಲ.

ಐವತ್ತು ವರ್ಷದ ಹಿಂದೆ ಗದಗಿನಲ್ಲೇ ಅಚ್ಚಾದ ನಕಾಶೆ. ಎಡದ ಚಿತ್ರ, ಬಲದ ಚಿತ್ರ ಎರಡೂ ಒಂದೇ. ಬಂಡೆಗಳಿಗೆ ಬೂದು, ಮಣ್ಣಿಗೆ ಹಳದಿ, ಹಳ್ಳಗಳಿಗೆ ನೀಲಿ. ಒಪ್ಪಿಗೆ ಒತ್ತಬೇಕೆನ್ನುವಷ್ಟರಲ್ಲಿ ಅವಳ ಕಣ್ಣು ಮೂಲೆಯ ಸೂಚಿಯ ಮೇಲೆ ನಿಂತಿತು. ಯಾವ ಬಣ್ಣಕ್ಕೆ ಏನರ್ಥ ಎಂದು ಹೇಳುವ ಐದು ಸಣ್ಣ ಚೌಕಗಳು. ನಾಲ್ಕರಲ್ಲಿ ಬಣ್ಣವಿತ್ತು. ಐದನೆಯದು ಖಾಲಿ. ಅದರ ಮುಂದೆ ಕಪ್ಪು ಅಕ್ಷರದಲ್ಲಿ ಬರೆದಿತ್ತು: ‘ಹಳೆಯ ಗಣಿ ಕೆಲಸ’.

ಇಲ್ಲದ ಬಣ್ಣಕ್ಕೆ ಯಾರು ಸೂಚಿ ಬರೆಯುತ್ತಾರೆ?

ಪರಿವರ್ತಕ ಯಂತ್ರ ಪ್ರತಿ ಫೈಲಿಗೂ ತಾನು ಮಾಡಿದ್ದರ ಒಂದು ಲಾಗ್ ಬರೆದಿಡುತ್ತಿತ್ತು. ಕೊನೆಯ ಸಾಲಿನಲ್ಲಿ ‘ಯಶಸ್ವಿ’ ಎಂದಿದ್ದರೆ ಯಾರೂ ಅದನ್ನು ತೆರೆಯುತ್ತಿರಲಿಲ್ಲ. ಕಸ್ತೂರಿ ತೆರೆದಳು. ಕೊನೆಯ ಸಾಲು ‘ಯಶಸ್ವಿ’ಯೇ. ಅದರ ಮೇಲೆ ಇನ್ನೊಂದು ಸಾಲಿತ್ತು: ‘ಐದನೆಯ ಶಾಯಿ: ಹೊಂದಿಕೆ ಸಿಗಲಿಲ್ಲ. ಬಿಡಲಾಗಿದೆ.’

ಅವಳು ಮತ್ತೆ ಎಡಗಡೆಯ ಹಳೆಯ ಚಿತ್ರವನ್ನು ನೋಡಿದಳು. ಬಿಟ್ಟಿದ್ದರೆ ಹೊಸದರಲ್ಲಿ ಬಿಟ್ಟಿರಬೇಕು, ಹಳೆಯದರಲ್ಲಿ ಇರಲೇಬೇಕಲ್ಲ. ಅಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊಳೆಯಿತು. ಕೇಂದ್ರದ ಪರದೆಗಳೂ ಏಕಪುಟವನ್ನು ಮಾತ್ರ ತೋರಿಸುತ್ತವೆ. ಹಳೆಯ ಫೈಲನ್ನು ತೋರಿಸಬೇಕಾದರೂ ಅದೇ ಪರಿವರ್ತಕ ಅದನ್ನು ಆ ಗಳಿಗೆಗೆ ಬದಲಿಸಿ ಕೊಡುತ್ತದೆ. ಆರು ವರ್ಷದಿಂದ ಅವಳು ಹಳೆಯದನ್ನೂ ಹೊಸದನ್ನೂ ಹೋಲಿಸುತ್ತ ಬಂದಿರಲಿಲ್ಲ. ಹೊಸದನ್ನು ಹೊಸದರ ಜೊತೆಗೇ ಹೋಲಿಸುತ್ತ ಬಂದಿದ್ದಳು.

ಸಂಜೆ ರೊಟ್ಟಿ ತಟ್ಟುವಾಗ ಗಂಡನಿಗೆ ಹೇಳಿದಳು. ಶಿವಪುತ್ರ ಆಗಷ್ಟೆ ಸ್ನಾನ ಮಾಡಿ ಬಂದು, ಬದನೆಕಾಯಿ ಪಲ್ಯದ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದ.

“ಹಳೇ ಗಣಿ?” ಅಂದ. “ಅಲ್ಲೆ ಏನೂ ಇಲ್ಲ. ಗಟ್ಟಿ ಬಂಡಿ ಐತಿ. ನಕಾಶಿದಾಗ ಹಂಗ ಐತಲ್ಲ.”

“ಆ ನಕಾಶಿದ ಮಾತ ನಾ ಹೇಳಾಕತ್ತೇನ್ರಿ. ಅದರಾಗ ಒಂದ ಶಾಯಿ ಬಿಟ್ಟೈತಿ.”

“ಒಂದ ಬಣ್ಣ ಇಲ್ಲಂದ್ರ ಗುಡ್ಡ ಬ್ಯಾರೆ ಆಗತೈತೇನು?”

“ನಿಮ್ಮ ಹೆಗ್ಗಣಕ್ಕ ಮುಂದ ನೋಡೂ ಕಣ್ಣಿಲ್ಲೇನು?” ಕೊರೆಯುವ ಯಂತ್ರವನ್ನು ಕೆಲಸಗಾರರೆಲ್ಲ ಹೆಗ್ಗಣ ಎಂದೇ ಕರೆಯುತ್ತಿದ್ದರು.

“ಐತಿ. ಉದ್ದನ್ನ ಸೂಜಿ ಚುಚ್ಚಿ ಮುಂದ ಏನೈತಿ ಅಂತ ನೋಡತೈತಿ. ಆದ್ರ ನಕಾಶಿದಾಗ ಗಟ್ಟಿ ಬಂಡಿ ಅಂತ ಬರದಲ್ಲೆ ಚುಚ್ಚೂದಿಲ್ಲ. ಚುಚ್ಚಕೋಂತ ಹೋದ್ರ ದಿನಕ್ಕ ಇಪ್ಪತ್ನಾಕ ಮೀಟರ್ ಎಲ್ಲೆ ಆಗಬೇಕು?” ಅವನು ರೊಟ್ಟಿ ಮುರಿದು ಬಾಯಿಗಿಟ್ಟ. “ನೀ ತಲಿ ಕೆಡಿಸಿಕೋಬ್ಯಾಡ. ಮುದ್ರಿ ಬಿದ್ದ ಪುಟ ಅದು.”

ಆ ಮುದ್ರೆಗೆ ಒಪ್ಪಿಗೆ ಕೊಡುವವಳು ತಾನೇ ಎಂದು ಕಸ್ತೂರಿ ಹೇಳಲಿಲ್ಲ. ಆ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ಅವಳು ಬೆಟಗೇರಿಗೆ ಹೋದಳು. ಮೆಹಬೂಬಸಾಬ ನದಾಫ ಅವಳಿಗೆ ಪ್ಲೇಟಿನ ಕೆಲಸ ಕಲಿಸಿದವರು. ಎಂಬತ್ತು ದಾಟಿತ್ತು. ಮಗಳ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕನ್ನಡಕ ಹಾಕುತ್ತಿರಲಿಲ್ಲ, ಅದು ತೋರಿಸುವುದೆಲ್ಲ ತನಗೆ ತಲೆನೋವು ಎನ್ನುತ್ತಿದ್ದರು.

“ಕಾಕಾ, ಐದನೇ ಶಾಯಿ ಅಂದ್ರ ಏನು?”

ನದಾಫ ನಕ್ಕರು. “ಇಷ್ಟ ದಿನದ ಮ್ಯಾಲೆ ಬಂದು ಇದನ್ನ ಕೇಳತೀಯಲ್ಲ. ಕುಂದರು. ನಾಕ ಶಾಯಿ ನಿನಗ ಗೊತ್ತದಾವು. ನೀಲಿ, ಕೆಂಪು, ಹಳದಿ, ಕರೀದು. ಅವನ್ನ ಹೆಚ್ಚು ಕಡಿಮಿ ಕೂಡಿಸಿದ್ರ ಎಲ್ಲಾ ಬಣ್ಣಾ ಬರ್ತಾವು. ಆದ್ರ ಕೆಲವ ಗಿರಾಕಿಗೆ ಅದು ಸಾಲತಿರಲಿಲ್ಲ. ಲಗ್ನದ ಕಾರ್ಡಿಗೆ ಬಂಗಾರ ಬೇಕು, ನಕಾಶಿಗೆ ಎದ್ದ ಕಾಣೂ ಗೆರಿ ಬೇಕು. ಅದಕ್ಕ ಬ್ಯಾರೆ ಡಬ್ಬಿ, ಬ್ಯಾರೆ ಪ್ಲೇಟು. ಎಲ್ಲಾ ಅಚ್ಚ ಆದ ಮ್ಯಾಲೆ ಕಡೀಕ ಮ್ಯಾಲಿಂದ ಒಂದ ಸಲ ಹೊಡೀತಿದ್ವಿ.”

“ಫೈಲಿನ್ಯಾಗ ಆ ಬಣ್ಣ ಹೆಂಗ ಇರತೈತಿ?”

“ಬಣ್ಣ ಇರೂದಿಲ್ಲವ್ವ. ಬರೇ ಹೆಸರ ಇರತೈತಿ. ‘ಇಲ್ಲೆ ಐದನೇದು ಹಚ್ಚು’ ಅಂತ. ಬಣ್ಣ ಇರೂದು ಡಬ್ಬಿಯೊಳಗ.”

ಕಸ್ತೂರಿಗೆ ಈಗ ತಿಳಿಯಿತು. ಡಬ್ಬಿಗಳು ಎಂದೋ ಗುಜರಿಗೆ ಹೋಗಿದ್ದವು. ಬರೀ ಹೆಸರನ್ನು ನೋಡಿದ ಪರಿವರ್ತಕ ಅದರ ಬಣ್ಣ ತಿಳಿಯದೆ, ಏನೂ ಇಲ್ಲ ಎಂದು ಮುಂದೆ ಹೋಗಿತ್ತು. ಒಂದು ತಪ್ಪು ಬಣ್ಣವನ್ನಾದರೂ ಹಾಕಿದ್ದರೆ ಯಾರಾದರೂ ಗಮನಿಸುತ್ತಿದ್ದರೋ ಏನೋ.

“ಜರಡಿ ಇನ್ನೂ ಐತೇನು?” ಎಂದು ನದಾಫ ಕೇಳಿದರು.

ಜರಡಿ ಎಂದರೆ ಆ ಮುದ್ರಣಾಲಯದವರು ಬಳಸುತ್ತಿದ್ದ ಒಂದು ಸಣ್ಣ ತಂತ್ರಾಂಶ. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಿದರೆ ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುತ್ತಿತ್ತು. ಹೇಳಿದರೆ ಪ್ರತಿ ಶಾಯಿಯನ್ನೂ ಬೇರೆ ಮಾಡಿ ಕೊಡುತ್ತಿತ್ತು. ಮುದ್ರಣಾಲಯದ ಸಾಮಾನು ಕೇಂದ್ರಕ್ಕೆ ಬಂದಾಗ ಅದಿದ್ದ ಕಂಪ್ಯೂಟರೂ ಬಂದು ನೆಲಮಾಳಿಗೆ ಸೇರಿತ್ತು.

“ಐತ್ರಿ. ಆದ್ರ ಆಜ್ಞಾ ನನಗ ನೆನಪಿಲ್ಲ.”

ನದಾಫ ಕಣ್ಣು ಮುಚ್ಚಿದರು. ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು, ಅಲ್ಲಿ ಕೀಲಿಮಣೆ ಇದೆಯೋ ಎಂಬಂತೆ. “ಮೊದಲ ಅದರ ಹೆಸರ ಬರೀಬೇಕು. ಆಮ್ಯಾಲೆ ಅಡ್ಡಗೆರಿ, ‘ಬೇರೆಬೇರೆ’. ಮತ್ತೊಂದ ಅಡ್ಡಗೆರಿ, ‘ಹೆಸರಿನದ್ದನ್ನೂ’. ಅದನ್ನ ಮರೀಬ್ಯಾಡ. ಅದನ್ನ ಹಾಕಲಿಲ್ಲಂದ್ರ ಜರಡೀನೂ ಅದನ್ನ ಬಿಟ್ಟಬಿಡತೈತಿ.”

ಮಧ್ಯಾಹ್ನ ಕಸ್ತೂರಿ ನೆಲಮಾಳಿಗೆಗೆ ಇಳಿದಳು. ಪರಿಶೀಲಕಿಗೆ ಹಳೆಯ ಫೈಲನ್ನು ನಕಲು ಮಾಡಿಕೊಳ್ಳುವ ಹಕ್ಕಿತ್ತು. ಈವರೆಗೆ ಯಾರೂ ಅದನ್ನು ಬಳಸಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಹಳೆಯ ಪರದೆಯ ಜಾಗದಲ್ಲಿ ಬರೀ ಮಂಜು, ಅದರ ಮೇಲೆ ‘ಓದಲಾಗದ ಪುಟ’ ಎಂಬ ಪಟ್ಟಿ. ಅವಳು ಕನ್ನಡಕ ತೆಗೆದಿಟ್ಟಳು. ಧೂಳು ಒರೆಸಿ, ಕಾಕಾ ಹೇಳಿದ ಸಾಲನ್ನು ಟೈಪು ಮಾಡಿದಳು. ಮೊದಲ ಸಲ ಒಂದು ಅಕ್ಷರ ತಪ್ಪಿತು. ಜರಡಿ ‘ಅರ್ಥವಾಗಲಿಲ್ಲ’ ಎಂದಿತು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುವ ಯಂತ್ರವನ್ನು ಕಂಡು ಎಷ್ಟು ವರ್ಷವಾಯಿತು ಎಂದು ಅವಳಿಗೆ ಅನಿಸಿತು. ಎರಡನೆಯ ಸಲ ಸರಿಯಾಗಿ ಬರೆದಳು.

ಐದು ಪುಟಗಳು ಬಂದವು. ನೀಲಿಯ ಪುಟದಲ್ಲಿ ಹಳ್ಳಗಳು, ಹಳದಿಯಲ್ಲಿ ಮಣ್ಣು, ಕೆಂಪಿನಲ್ಲಿ ತೆಳುವಾದ ನೆರಳು, ಕಪ್ಪಿನಲ್ಲಿ ಅಕ್ಷರ ಮತ್ತು ಬಂಡೆ. ಐದನೆಯದನ್ನು ತೆರೆದಾಗ ಬಿಳಿಯ ಮೇಲೆ ಬೇರೇನೂ ಇಲ್ಲದೆ ಒಂದು ಗೆರೆಗಳ ಜಾಲ ಕಂಡಿತು. ಉದ್ದಕ್ಕೆ ಎರಡು ಸುರಂಗ, ಅವನ್ನು ಕೂಡಿಸುವ ಏಳೆಂಟು ಅಡ್ಡದಾರಿ, ನೆಲಕ್ಕೆ ಏರುವ ಮೂರು ಬಾವಿ. ಪಕ್ಕದಲ್ಲಿ ಸಣ್ಣ ಅಕ್ಷರ: ‘ಕೈಬಿಟ್ಟದ್ದು. ನೀರು ತುಂಬಿದೆ. ಸುಮಾರು ಇಪ್ಪತ್ತು ಮೀಟರ್ ಆಚೀಚೆ.’

ಆ ಚಿತ್ರವನ್ನು ಮನೆಗೆ ಒಯ್ಯುವ ದಾರಿ ಇರಲಿಲ್ಲ. ಯಾವ ಸಾಧನದಲ್ಲಿ ಹಾಕಿದರೂ ಮಂಜು. ಸುರಂಗದ ಹಾದಿಯ ಪುಟವನ್ನೂ ತೆರೆದು, ಎರಡೂ ಎಲ್ಲಿ ಕೂಡುತ್ತವೆ ಎಂದು ಲೆಕ್ಕ ಹಾಕಿ, ಅವಳು ಅಳತೆಗಳನ್ನು ಅಂಗೈ ಮೇಲೆ, ಮೊಳಕೈವರೆಗೂ ಬರೆದುಕೊಂಡಳು. ಮನೆ ಮುಟ್ಟಿದವಳೇ ಪಡಸಾಲೆಯ ಚಾಪೆ ಸುತ್ತಿಟ್ಟು, ಸೀಮೆಸುಣ್ಣದಿಂದ ನೆಲದ ಮೇಲೆ ಸಂಗನಗುಡ್ಡ ಬರೆದಳು. ಶಿವಪುತ್ರ ಬಾಗಿಲಲ್ಲೇ ನಿಂತ.

“ಏನಿದು?”

“ಕನ್ನಡಕ ತಗೀರಿ. ಈಗ ನೋಡ್ರಿ. ಇದು ನಿಮ್ಮ ಸುರಂಗ. ಇವತ್ತ ಹೆಗ್ಗಣ ಎಲ್ಲೆ ಐತಿ?”

“ಸಾವಿರದ ಒಂಬೈನೂರಾ ಮೂವತ್ತಾರನೇ ಮೀಟರಿಗೆ. ರಾತ್ರಿ ನಿಲ್ಲತೈತಿ, ಮುಂಜಾನೆ ಆರಕ್ಕ ಮತ್ತ ಶುರು.”

ಅವಳು ಅಲ್ಲೊಂದು ಗುರುತು ಹಾಕಿದಳು. ಆಮೇಲೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆದಳು. “ಇದು ಹಳೇ ಗಣಿ. ಸಾವಿರದ ಒಂಬೈನೂರಾ ಎಂಬತ್ತೈದಕ್ಕ ಅಡ್ಡ ಬರತೈತಿ. ತುಂಬ ನೀರು.”

ಶಿವಪುತ್ರ ಚಪ್ಪಲಿ ಬಿಡುವುದನ್ನೂ ಮರೆತು ಗೆರೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಇಪ್ಪತ್ನಾಲ್ಕರ ಲೆಕ್ಕ ಅವನ ತುಟಿಯ ಮೇಲೆ ಓಡುವುದು ಕಂಡಿತು. “ನಾಡಿದ್ದ ಸಂಜೀಕ.”

“ಇಪ್ಪತ್ತ ಮೀಟರ್ ಆಚೀಚೆ ಅಂತ ಬರದಾರ.”

“ಹಂಗಾರ ನಾಡಿದ್ದ ಮುಂಜಾನೆ.” ಅವನು ಹೆಗ್ಗಣದ ಗುರುತಿನ ಹಿಂದಿನ ಜಾಗ ತೋರಿಸಿದ. “ಹೆಗ್ಗಣದ ಹಿಂದ ಗ್ವಾಡಿ ಕಟ್ಟಾಕ ಇಪ್ಪತ್ತೆರಡ ಮಂದಿ ಇರ್ತಾರ. ನನ್ನ ಪಾಳಿ ಅದು.”

“ನೀವ ನಿಲ್ಲಸಾಕ ಬರೂದಿಲ್ಲೇನು?”

“ಕೆಂಪ ಗುಂಡಿ ಒತ್ತಿದ್ರ ಒಂದ ತಾಸ ನಿಲ್ಲತೈತಿ. ಆಮ್ಯಾಲೆ ಯಾಕ ನಿಲ್ಲಿಸಿದಿ ಅಂತ ಪುಟ ಕೇಳತೈತಿ. ಪುಟ ಕೊಡದಿದ್ರ ತಾನ ಶುರು ಆಗತೈತಿ. ಮೊನ್ನೆ ಏನೋ ವಾಸನಿ ಬಂತಂತ ಒತ್ತಿದ್ದೆ. ಮೆಮೋ ಕೊಟ್ರು.” ಅವನು ನೆಲದ ಗೆರೆಯನ್ನು ಬೆರಳಿಂದ ಮುಟ್ಟಿದ. “ಇದನ್ನ ತೋರಿಸಿದ್ರ ನಗತಾರ.”

“ನಾ ಪುಟ ತರತೇನಿ,” ಎಂದಳು ಕಸ್ತೂರಿ. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಅವಳು ಕೇಂದ್ರದ ನಿರ್ದೇಶಕರ ಕೋಣೆಯ ಮುಂದೆ ನಿಂತಿದ್ದಳು. ರೇಣುಕಯ್ಯ ತುಮಕೂರು ಕಡೆಯವರು, ಮೃದು ಸ್ವಭಾವ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವಳು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಎದ್ದು ಬಾಗಿಲು ಮುಚ್ಚಿದರು.

“ನೋಡಮ್ಮ, ನೀನು ಹೇಳ್ತಿರೋದು ಒಂದು ಪುಟದ ವಿಷಯ ಅಲ್ಲ. ಪರಿವರ್ತಕ ಒಂದು ಕಡೆ ಬಿಟ್ಟಿದೆ ಅಂತ ನಾನು ಬರೆದ್ರೆ, ಎಲ್ಲೆಲ್ಲಿ ಬಿಟ್ಟಿದೆ ಅಂತ ಕೇಳ್ತಾರೆ. ಹನ್ನೊಂದು ಕೋಟಿ ಪುಟಕ್ಕೆ ನಮ್ಮ ಮುದ್ರೆ ಇದೆ. ನ್ಯಾಯಾಲಯ, ಆಸ್ಪತ್ರೆ, ಎಲ್ಲ ಅದರ ಮೇಲೆ ನಡೀತಿದೆ.”

“ಆ ಸುರಂಗದಾಗ ಇಪ್ಪತ್ತೆರಡ ಮಂದಿ ಅದಾರ ಸರ್.”

“ಅರ್ಥ ಆಗುತ್ತೆ. ಆಕ್ಷೇಪಣೆ ಅರ್ಜಿ ಹಾಕು. ಇವತ್ತೇ ನಾನು ಮುಂದಕ್ಕೆ ಕಳಿಸ್ತೀನಿ.”

“ಅದಕ್ಕ ಎಷ್ಟ ದಿನ ಬೇಕ್ರಿ?”

“ಇಪ್ಪತ್ತೊಂದು ದಿನ.”

ಅವರು ಅವಳ ಮುಖ ನೋಡದೆ ಮೇಜಿನ ಮೇಲಿದ್ದ ಲೋಟವನ್ನು ಸರಿಸುತ್ತಿದ್ದರು. ಕಸ್ತೂರಿಗೆ ಸಿಟ್ಟು ಬರಲಿಲ್ಲ. ಅವರು ಹೆದರಿದ್ದಾರೆ ಎಂದು ತಿಳಿಯಿತು. ಹೊರಗೆ ಬಂದು ತನ್ನ ಜಾಗದಲ್ಲಿ ಕೂತಳು. ಕೂರಲಾಗದೆ ಎದ್ದಳು. ನೀರು ಕುಡಿಯಲು ಹೋಗಿ ಕುಡಿಯದೆ ಬಂದಳು. ಸಂಗನಗುಡ್ಡದ ಫೈಲುಗಳಿಗೆ ಮುದ್ರೆ ಬಿದ್ದು ಮೂವತ್ತನೆಯ ದಿನ ಅಂದೇ ಆಗಿತ್ತು. ಸಂಜೆ ಐದಕ್ಕೆ ಹಳೆಯ ಫೈಲುಗಳು ಅಳಿಯುತ್ತವೆ. ಅಳಿದ ಮೇಲೆ ಹೊಸ ಪುಟವನ್ನು ತಿದ್ದಲು ಯಾರಿಗೂ ಹಕ್ಕಿಲ್ಲ, ಏಕೆಂದರೆ ಯಾವುದಕ್ಕೆ ಹೋಲಿಸಿ ತಿದ್ದುವುದು?

ಮಧ್ಯಾಹ್ನ ಶಿವಪುತ್ರನ ಫೋನು ಬಂತು. ಗೋಡೆ ಕಟ್ಟುವವರನ್ನು ನೂರು ಮೀಟರ್ ಹಿಂದೆ ಇರಿಸಲು ನೋಡಿದನಂತೆ. ಅಂತರ ಹೆಚ್ಚಾಯಿತು, ಮುಂದೆ ಹೋಗಿ ಎಂದು ಮೇಲಿನವರು ಹೇಳಿದರಂತೆ.

“ಏನಾತು ನಿಂದು?” ಎಂದು ಕೇಳಿದ.

“ಆಗಾಕತ್ತೈತಿ,” ಎಂದು ಇಟ್ಟುಬಿಟ್ಟಳು.

ಮೂರೂವರೆಗೆ ಮತ್ತೆ ನೆಲಮಾಳಿಗೆಗೆ ಇಳಿದಳು. ಬೆಳಗಿನಿಂದ ಅವಳ ತಲೆಯಲ್ಲಿ ಒಂದು ವಿಚಾರ ಸುಳಿದಾಡುತ್ತಿತ್ತು. ಅದನ್ನು ದೂರ ತಳ್ಳುತ್ತ ಬಂದಿದ್ದಳು. ಪರಿವರ್ತಕಕ್ಕೆ ಐದನೆಯ ಶಾಯಿ ಗೊತ್ತಿಲ್ಲ. ಕಪ್ಪು ಗೊತ್ತು. ಗಣಿಯ ಗೆರೆಗಳನ್ನು ಐದನೆಯ ಪ್ಲೇಟಿನಿಂದ ಎತ್ತಿ ಕಪ್ಪಿನ ಪ್ಲೇಟಿಗೆ ಸೇರಿಸಿ, ನಾಲ್ಕೇ ಶಾಯಿಯ ಫೈಲು ಮಾಡಿ, ಹಳೆಯ ಹೆಸರಿನಲ್ಲೇ ಪರಿವರ್ತಕಕ್ಕೆ ಕೊಟ್ಟರೆ ಅದು ಏನನ್ನೂ ಬಿಡುವುದಿಲ್ಲ. ಆದರೆ ಅದು ಹಳೆಯ ಫೈಲಿನ ಮೂಲಕ ಮುದ್ರೆ ಬಿದ್ದ ಮೂಲಪ್ರತಿಯನ್ನೇ ತಿದ್ದಿದಂತೆ. ಮೂಲಪ್ರತಿಯನ್ನು ತಿದ್ದಿದವರಿಗೆ ಏಳು ವರ್ಷ ಸೆರೆ. ಆ ಕಾಯಿದೆಯ ಪಾಠವನ್ನು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತಿದ್ದವಳು ಅವಳೇ.

ಅವಳು ಆಜ್ಞೆಯನ್ನು ಬರೆದಳು. ಐದನೆಯದನ್ನು ಕಪ್ಪಿಗೆ ಕೂಡಿಸು. ಉಳಿದದ್ದು ಇದ್ದಂತೆ ಇರಲಿ. ಇದೇ ಹೆಸರಿನಲ್ಲಿ ಬರೆ. ಬೆರಳು ಎಂಟರ್ ಕೀಲಿಯ ಮೇಲೆ ಎರಡು ಸಲ ಹೋಗಿ ಹಿಂದೆ ಬಂತು. ಮೂರನೆಯ ಸಲ ಒತ್ತಿದಳು.

ಮೇಲೆ ಬಂದಾಗ ನಾಲ್ಕೂ ಮುಕ್ಕಾಲು. ಫೈಲನ್ನು ಮರುಪರಿವರ್ತನೆಯ ಸಾಲಿಗೆ ಸೇರಿಸಿದಳು. ಯಂತ್ರ ಕಾರಣ ಕೇಳಿತು. ‘ಐದನೆಯ ಶಾಯಿ ಬಿಟ್ಟುಹೋಗಿತ್ತು. ಅದನ್ನು ಕಪ್ಪಿಗೆ ಸೇರಿಸಿದ್ದೇನೆ. ಕಸ್ತೂರಿ ಹೂಗಾರ,’ ಎಂದು ಇದ್ದದ್ದನ್ನು ಇದ್ದಂತೆ ಬರೆದು ಹೆಬ್ಬೆಟ್ಟು ಒತ್ತಿದಳು. ಕಾರಣವನ್ನು ಯಂತ್ರ ಓದುವುದಿಲ್ಲ, ಖಾಲಿ ಬಿಟ್ಟಿಲ್ಲವಷ್ಟೇ ಎಂದು ನೋಡುತ್ತದೆ. ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ‘ಯಶಸ್ವಿ’ ಎಂಬ ಸಾಲು ಮೂಡಿತು. ಅದರ ಮೇಲೆ ಈ ಸಲ ಬೇರೆ ಸಾಲಿರಲಿಲ್ಲ.

ಐದಕ್ಕೆ ಸಂಗನಗುಡ್ಡದ ಹಳೆಯ ಫೈಲುಗಳ ಹೆಸರುಗಳು ಪಟ್ಟಿಯಿಂದ ಒಂದೊಂದಾಗಿ ಕಣ್ಮರೆಯಾಗುವುದನ್ನು ನೋಡುತ್ತ ಕೂತಳು.

ಗುರುವಾರ ಬೆಳಿಗ್ಗೆ ಶಿವಪುತ್ರ ಬೆಳಕು ಹರಿಯುವ ಮುಂಚೆಯೇ ಹೊರಟ. ಊಟದ ಡಬ್ಬಿ ಕೊಡುವಾಗ ಕಸ್ತೂರಿ, “ಹೊಸಾ ಪುಟ ಕಳಿಸೇನಿ. ಅದು ಓದಿದ್ರ ಸೂಜಿ ಚುಚ್ಚತೈತಿ,” ಎಂದಳು.

“ಓದಲಿಲ್ಲಂದ್ರ?”

“ಕೆಂಪ ಗುಂಡಿ ಒತ್ತಿ ಎಲ್ಲಾರ್ನೂ ಕರಕೊಂಡ ಹೊರಗ ಬರ್ರಿ. ಒಂದ ತಾಸ ಸಾಕು ಹೊರಗ ಬರಾಕ.”

ಅವನು ತಲೆ ಆಡಿಸಿ ಹೋದ.

ಹತ್ತು ಗಂಟೆಗೆ ರೇಣುಕಯ್ಯ ಕರೆಸಿದರು. ಸುರಂಗದ ಕಂಪನಿಯಿಂದ ದೂರು ಬಂದಿತ್ತು: ಬೆಳಿಗ್ಗೆ ಆರರಿಂದ ಯಂತ್ರದ ವೇಗ ಅರ್ಧಕ್ಕಿಳಿದಿದೆ, ನಕಾಶೆ ಬದಲಾದಂತಿದೆ, ಯಾರು ಬದಲಿಸಿದರು? ರೇಣುಕಯ್ಯನವರ ಮೇಜಿನ ಮೇಲೆ ಅವಳ ಹೆಬ್ಬೆಟ್ಟಿನ ದಾಖಲೆ ಇತ್ತು.

“ಮೂಲಪ್ರತಿ ತಿದ್ದಿದ್ದೀಯ,” ಎಂದರು. “ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ ಸರ್. ನಿನ್ನೆ ಮುಂಜಾನೆ.”

“ನಾನು ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಾ ನಿಂಗೆ?”

“ಗೊತ್ತೈತ್ರಿ. ತಿಳಿಸ್ರಿ. ಆದ್ರ ಮಧ್ಯಾಹ್ನದ ತನಕ ಆ ಪುಟ ಮಾತ್ರ ಹಿಂದಕ್ಕ ತಗೋಬ್ಯಾಡ್ರಿ.”

ರೇಣುಕಯ್ಯ ತಮ್ಮ ಪರದೆಯ ಕಡೆ ತಿರುಗಿದರು. ಹಿಂದಕ್ಕೆ ತೆಗೆದುಕೊಳ್ಳುವ ಆಜ್ಞೆ ಅವರ ಮುಂದಿನ ಪರದೆಯಲ್ಲಿ ಸಿದ್ಧವಾಗಿತ್ತು. ಕಸ್ತೂರಿ ನಿಂತಲ್ಲಿಂದಲೇ ಅದನ್ನು ಓದಬಹುದಿತ್ತು. ಒಂದು ಹೆಬ್ಬೆಟ್ಟು ಬಿದ್ದರೆ ಸಾಕು, ಹೆಗ್ಗಣ ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವರು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೂತರು. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಕಂಪನಿಯವರ ಎರಡನೆಯ ಫೋನು ಬಂದಾಗ ಅವರು, “ಪರಿಶೀಲಿಸ್ತಾ ಇದ್ದೀವಿ,” ಎಂದಷ್ಟೇ ಹೇಳಿ ಇಟ್ಟರು.

ಹನ್ನೊಂದೂವರೆ ಹೊತ್ತಿಗೆ ಕಸ್ತೂರಿಯ ಫೋನು ಬಡಿದುಕೊಂಡಿತು.

“ಕಸ್ತೂರಿ,” ಎಂದ ಶಿವಪುತ್ರ. ಏದುಸಿರು ಬಿಡುತ್ತಿದ್ದ. ಹಿಂದೆ ಬಹಳ ಜನರ ಗದ್ದಲ. “ಸೂಜಿ ಚುಚ್ಚಿತು. ಒಂಬತ್ತ ಮೀಟರ್ ಹೋದ ಕೂಡ್ಲೆ ನೀರ ಬಂತು. ಬೆರಳ ಗಾತ್ರದ ತೂತು, ಅಲ್ಲಿಂದ ಬಂದ ನೀರು ಹೆಗ್ಗಣದ ಬಾಗಿಲಾ ಕಿತ್ತ ಒಗೀತು. ಎಲ್ಲಾರೂ ಹೊರಗ ಬಂದೇವಿ. ಇಪ್ಪತ್ತೆರಡ ಮಂದೀನ ಎರಡ ಸಲ ಎಣಿಸೇನಿ.”

“ನೀವು?”

“ನನ್ನ ಸೇರಿಸಿ ಇಪ್ಪತ್ತಮೂರು.”

ಅವಳು ಗೋಡೆಗೆ ಒರಗಿದಳು. ರೇಣುಕಯ್ಯನವರಿಗೆ ಹೇಳಬೇಕೆಂದು ತಿರುಗಿದರೆ ಅವರಿಗೆ ಆಗಲೇ ಕೇಳಿಸಿತ್ತು. ಅವರು ಪರದೆಯ ಮೇಲಿನ ಆಜ್ಞೆಯನ್ನು ಅಳಿಸಿ, ಎರಡೂ ಕೈಗಳಿಂದ ಮುಖ ಉಜ್ಜಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಅದೇ ಸಾಲು ಇನ್ನೆಷ್ಟು ಲಾಗ್‌ನಲ್ಲಿ ಇದೆ?”

ಆ ಪ್ರಶ್ನೆಯನ್ನು ಅವಳು ನಾಲ್ಕು ದಿನದಿಂದ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದಂತೆ ನೋಡಿಕೊಂಡಿದ್ದಳು. ಈಗ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಆರು ವರ್ಷದ ಲಾಗ್‌ಗಳಲ್ಲಿ ಆ ಸಾಲನ್ನು ಹುಡುಕಿಸಿದರು. ಉತ್ತರ ಬರಲು ಹತ್ತು ನಿಮಿಷ ಹಿಡಿಯಿತು. ಅರವತ್ತೊಂದು ಸಾವಿರದ ಮುನ್ನೂರ ಎಂಬತ್ತನಾಲ್ಕು ಪುಟಗಳು. ಅವುಗಳಲ್ಲಿ ಹಳೆಯ ಫೈಲು ಇನ್ನೂ ಉಳಿದಿದ್ದದ್ದು ಒಂಬೈನೂರಕ್ಕೆ ಮಾತ್ರ.

ರೇಣುಕಯ್ಯ ಎದ್ದು ಅಳಿಸುವ ಯಂತ್ರದ ಕೋಣೆಗೆ ತಾವೇ ನಡೆದು ಹೋದರು. ಅವರು ಅದನ್ನು ಯಾರ ಅನುಮತಿಯನ್ನೂ ಕೇಳದೆ ನಿಲ್ಲಿಸಿದರು. ವಾಪಸು ಬಂದು ಎಲ್ಲ ಇಲಾಖೆಗಳಿಗೂ ಒಂದು ಪತ್ರ ಬರೆದರು. ‘ಐದನೆಯ ಶಾಯಿ ಬಿಟ್ಟುಹೋಗಿರುವ ಪುಟಗಳಿವೆ. ನಿಮ್ಮ ಪುಟ ಅವುಗಳಲ್ಲಿದೆಯೇ ಎಂದು ಕೇಂದ್ರಕ್ಕೆ ಫೋನು ಮಾಡಿ ತಿಳಿದುಕೊಳ್ಳಿ.’ ಅಡಿಯಲ್ಲಿ ಕಸ್ತೂರಿಯ ಹೆಸರು ಹಾಕಿದರು, ಅದರ ಕೆಳಗೆ ತಮ್ಮ ಸಹಿ.

“ನನ್ನ ಮ್ಯಾಲಿನ ಕೇಸು?” ಎಂದಳು.

“ಅದು ನಡೆಯುತ್ತೆ. ನನ್ನ ಮೇಲೂ ಒಂದು ನಡೆಯುತ್ತೆ,” ಎಂದರು ರೇಣುಕಯ್ಯ. “ಅಲ್ಲೀತನಕ ಫೋನು ತೆಗೆಯೋದಕ್ಕೆ ನಿನ್ನ ಬಿಟ್ಟು ಇನ್ಯಾರಿದ್ದಾರೆ?”

ಮೊದಲ ಫೋನು ಮೂರು ಗಂಟೆಗೆ ಬಂತು. ಕರಾವಳಿಯಿಂದ, ಪ್ರಮೀಳಾ ಶೇಟ್ ಎಂಬ ಇಂಜಿನಿಯರ್. ತಮ್ಮ ಹೊಳೆಯ ಮೇಲಿನ ಸೇತುವೆಯ ನಕ್ಷೆಯ ಸಂಖ್ಯೆ ಹೇಳಿದರು. ಕಸ್ತೂರಿ ಪಟ್ಟಿಯಲ್ಲಿ ಹುಡುಕಿದಳು. ಸಂಖ್ಯೆ ಇತ್ತು. ಹಳೆಯ ಫೈಲು ಅಳಿದು ಹದಿನಾಲ್ಕು ತಿಂಗಳಾಗಿತ್ತು.

“ನಮ್ಮದ್ರಲ್ಲಿ ಐದನೇ ಶಾಯಿ ಇತ್ತಾ ಮೇಡಂ?”

“ಇತ್ತು.”

“ಅದ್ರಲ್ಲಿ ಏನು ಬರ್ದಿದ್ರು?”

“ಗೊತ್ತಿಲ್ಲ.”

“ಯಾರಿಗಾದ್ರೂ ಗೊತ್ತಿರ್ಬಹುದಾ?”

“ಇಲ್ರಿ. ಯಾರಿಗೂ ಇಲ್ಲ.”

ಆ ಕಡೆಯಿಂದ ಲಾರಿಗಳ ಸದ್ದು, ಗಾಳಿಯ ಸದ್ದು ಕೇಳಿಸುತ್ತಿತ್ತು.

“ಹಾಗಾದ್ರೆ ನಾನೀಗ ಏನು ಮಾಡ್ಬೇಕು?” ಎಂದರು ಪ್ರಮೀಳಾ ಶೇಟ್.

“ನೀವ ಈಗ ಎಲ್ಲೆ ಅದೀರಿ?”

“ಸೇತುವೆ ಮೇಲೇ ಇದ್ದೇನೆ.”

“ಮೊದಲ ಗಾಡಿ ನಿಲ್ಲಸ್ರಿ,” ಎಂದಳು ಕಸ್ತೂರಿ. “ಎರಡೂ ಕಡೆ. ಮುಂದಿಂದು ಆಮ್ಯಾಲೆ ಮಾತಾಡೂಣು. ಫೋನ ಇಡಬ್ಯಾಡ್ರಿ.”

ಓಡುವ ಹೆಜ್ಜೆಗಳು ಕೇಳಿಸಿದವು. ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು. ಆಮೇಲೆ ಹಾರ್ನುಗಳು ಒಂದರ ಮೇಲೊಂದು ಏರಿ, ಫೋನು ಕಿವಿಗೆ ಹಿಡಿಯಲಾರದಷ್ಟಾಯಿತು. ಕಸ್ತೂರಿ ಹಿಡಿದೇ ಇದ್ದಳು. ಬಹಳ ಹೊತ್ತಿನ ಮೇಲೆ ಒಂದು ಇಂಜಿನು ನಿಂತಿತು, ಇನ್ನೊಂದು ನಿಂತಿತು. ಕೊನೆಗೆ ಆ ಕಡೆಯಿಂದ ಕೇಳಿಸುತ್ತಿದ್ದದ್ದು ಕಂಬಗಳಿಗೆ ಬಡಿಯುವ ನೀರಿನ ಸದ್ದು ಮಾತ್ರ.

ಮೇಜಿನ ಮೇಲಿನ ಎರಡನೆಯ ಫೋನು ಬಡಿದುಕೊಳ್ಳಲು ಶುರುವಾಗಿತ್ತು.